“ಇನ್ನೇನೂ ಮಾಡುವುದಕ್ಕಿಲ್ಲ” ಎಂಬ ಮಾತನ್ನು ಕುರಿತು

ಪ್ರಿಯ ಶಿಷ್ಯಮಿತ್ರರೇ, ಬಂಧುಗಳೇ,

ನಮ್ಮ ಶಾಲೆಯ ಗಣಿತದ ಮೇಷ್ಟ್ರು ನಿಮ್ಮಲ್ಲಿ ಬಹಳ ಮಂದಿಗೆ ನೆನಪಿರಬೇಕು. ಕೈವಾರವಿಲ್ಲದೆ, ದಾರವಿಲ್ಲದೆ, ಕರಿಹಲಗೆಯ ಮೇಲೆ ಒಂದೇ ಬೀಸಿನಲ್ಲಿ ವೃತ್ತ ಬರೆಯುತ್ತಿದ್ದವರು. ಬರೆದಾದ ಮೇಲೆ ನಡುವೆ ಒಂದು ಚುಕ್ಕಿಯಿಟ್ಟು, “ಬಾ, ಅಳೆದು ನೋಡು” ಎಂದು ಹಿಂದಿನ ಬೆಂಚಿನವನನ್ನು ಕರೆಯುತ್ತಿದ್ದರು. ನಿಮಗೆ ಅವರು ಮೇಷ್ಟ್ರು. ನನಗೆ ಚಿಕ್ಕಪ್ಪನ ಮಗ, ತಮ್ಮ. ಆದುದರಿಂದ ಈ ಬರಹದುದ್ದಕ್ಕೂ ‘ಅವನು’ ಎಂದೇ ಬರೆಯುತ್ತೇನೆ, ಶಿಷ್ಯರಾದವರು ಮನ್ನಿಸಬೇಕು. ಮನೆಯವರ ಕೋರಿಕೆಯಂತೆ ಹೆಸರನ್ನು ಬರೆಯುತ್ತಿಲ್ಲ.

2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆ ಇಳಿದು ಶಾಲೆ ಮತ್ತೆ ತೆರೆದಾಗ ಆ ವೃತ್ತ ಕೂಡಿಕೊಳ್ಳಲಿಲ್ಲ. ಹೊರಟ ಬಿಂದುವಿಗೂ ಮುಟ್ಟಿದ ಬಿಂದುವಿಗೂ ನಡುವೆ ನಾಲ್ಕು ಬೆರಳಿನಷ್ಟು ಅಂತರ ಉಳಿಯಿತಂತೆ. ಮಕ್ಕಳು ನಕ್ಕರು, ಅವನೂ ನಕ್ಕ. ಕೆಲವು ದಿನಗಳಲ್ಲಿ ಸೀಮೆಸುಣ್ಣ ಬೆರಳುಗಳಿಂದ ಜಾರತೊಡಗಿತು. ಆಮೇಲೆ ಅಂಗಿಯ ಗುಂಡಿ, ಆಮೇಲೆ ಸ್ಕೂಟರಿನ ಬ್ರೇಕು. ಕುತ್ತಿಗೆಯ ಮೂಳೆ ಸವೆದಿದೆಯೆಂದು ಒಬ್ಬರು ಪಟ್ಟಿ ಕಟ್ಟಿದರು. ಇನ್ನೊಬ್ಬರು ಶಸ್ತ್ರಚಿಕಿತ್ಸೆಯ ದಿನವನ್ನೇ ಗೊತ್ತುಮಾಡಿದ್ದರು. ಹೀಗೆ ಒಂದು ವರ್ಷ ಕಳೆದು, 2022ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ದೊರಕಿತು: ಮೋಟಾರ್ ನ್ಯೂರಾನ್ ಕಾಯಿಲೆ. 2024ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಶ್ರದ್ಧಾಂಜಲಿಯನ್ನು ಅಂದೇ ಬರೆದಾಗಿದೆ. ಇಂದು ಬರೆಯುತ್ತಿರುವುದು ಒಂದು ಜಗಳ. ಹೆಸರು ಹೇಳಿದ ಆ ವೈದ್ಯರು, ಪಕ್ಕದ ಕುರ್ಚಿಯಲ್ಲಿ ಅವನು ಕುಳಿತಿದ್ದರೂ ನನ್ನ ಮುಖವನ್ನೇ ನೋಡುತ್ತ, “ಇದಕ್ಕೆ ಔಷಧಿ ಇಲ್ಲ. ಇನ್ನೇನೂ ಮಾಡುವುದಕ್ಕಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ” ಎಂದರು. ಐದು ನಿಮಿಷ ಹಿಡಿದಿರಲಾರದು. ಅವರು ಒರಟರಲ್ಲ, ದನಿಯಲ್ಲಿ ಮರುಕವಿತ್ತು. ಆದರೂ ಆ ಮಾತು ಸುಳ್ಳು. ಅದು ಸುಳ್ಳೆಂದು ತಿಳಿಯಲು ನಮಗೆ ಎರಡು ವರ್ಷ ಬೇಕಾಯಿತು, ಮತ್ತು ಆ ಎರಡು ವರ್ಷಗಳೇ ಅವನ ಉಳಿದ ಆಯುಷ್ಯವಾಗಿದ್ದವು. ನನ್ನ ಜಗಳ ಆ ವೈದ್ಯರೊಬ್ಬರೊಡನೆ ಅಲ್ಲ, ಆ ಮಾತಿನೊಡನೆ. ಅದನ್ನು ಸರ್ಕಾರವೂ, ಆಸ್ಪತ್ರೆಗಳೂ, ನಾವು ಬಂಧುಗಳೂ ದಿನವೂ ಬೇರೆ ಬೇರೆ ರೂಪದಲ್ಲಿ ಆಡುತ್ತಿದ್ದೇವೆ.

ಮೊದಲು ಕಾಯಿಲೆಯ ವಿಚಾರ. ಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಇದ್ದು ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಆಜ್ಞೆಯಿಲ್ಲದ ಸ್ನಾಯು ಸೊರಗುತ್ತದೆ. ಕೈ, ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರಾಟದ ಸ್ನಾಯುಗಳು. ಇದರ ಅತ್ಯಂತ ಸಾಮಾನ್ಯ ರೂಪವಾದ ಎಎಲ್‌ಎಸ್ ಅನ್ನು ಫ್ರಾನ್ಸಿನ ಶಾರ್ಕೋ ಎಂಬ ವೈದ್ಯರು 1869ರಲ್ಲಿಯೇ ವಿವರಿಸಿದರು. ಸ್ಪರ್ಶ, ನೋಟ, ಶ್ರವಣಗಳು ಉಳಿಯುತ್ತವೆ; ಕಣ್ಣಿನ ಚಲನೆ ಸಾಮಾನ್ಯವಾಗಿ ಕೊನೆಯವರೆಗೂ ಇರುತ್ತದೆ; ಕೆಲವರಲ್ಲಿ ಬುದ್ಧಿಯೂ ಸ್ವಭಾವವೂ ಬದಲಾಗುವುದುಂಟಾದರೂ ಬಹುಮಂದಿಯಲ್ಲಿ ಅರಿವು ಸ್ಪಷ್ಟವಾಗಿಯೇ ಇರುತ್ತದೆ. ಹೆಚ್ಚಿನವರು ಲಕ್ಷಣ ಕಂಡ ಮೇಲೆ ಎರಡರಿಂದ ಐದು ವರ್ಷ ಬದುಕುತ್ತಾರೆ. ಅಂದರೆ ಸೊಳ್ಳೆ ಮೂಗಿನ ಮೇಲೆ ಕುಳಿತದ್ದು ತಿಳಿಯುತ್ತದೆ, ಓಡಿಸಲು ಕೈಯಿಲ್ಲ, ಹೇಳಲು ನಾಲಿಗೆಯಿಲ್ಲ. ಇಂಥ ಮನುಷ್ಯನ ಎದುರಿನಲ್ಲಿ ‘ಇನ್ನೇನೂ ಮಾಡುವುದಕ್ಕಿಲ್ಲ’ ಎನ್ನುವುದಾದರೆ, ಆ ಸೊಳ್ಳೆಯನ್ನು ಓಡಿಸುವುದೂ ಒಂದು ಕೆಲಸವೆಂಬುದನ್ನು ನಾವು ಮರೆತಿದ್ದೇವೆ ಎಂದರ್ಥ.

‘ಇದು ಹೊರದೇಶದವರ ಕಾಯಿಲೆ’ ಎಂದು ನಮ್ಮ ಬಂಧುಗಳೊಬ್ಬರು ಹೇಳಿದ್ದುಂಟು. ಹಾಗಲ್ಲ. ಯುವಕರಲ್ಲಿ ಕಿವುಡಿನೊಂದಿಗೆ ಕಾಣಿಸಿಕೊಳ್ಳುವ ಒಂದು ಬಗೆಯನ್ನು 1970ರಲ್ಲಿ ಮದರಾಸಿನ ವೈದ್ಯರು ಗುರುತಿಸಿದ್ದರಿಂದ ಅದಕ್ಕೆ ಜಗತ್ತಿನಾದ್ಯಂತ ‘ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ’ ಎಂದೇ ಹೆಸರು. ಒಂದೇ ಕೈಯನ್ನೋ ಕಾಲನ್ನೋ ಹಿಡಿದು ಬಳಿಕ ನಿಂತುಬಿಡುವ ಇನ್ನೊಂದು ಬಗೆಯನ್ನು 1984ರಲ್ಲಿ ವರದಿಮಾಡಿ ಹೆಸರಿಟ್ಟವರು ನಮ್ಮ ನಿಮ್ಹಾನ್ಸಿನ ಡಾ. ಎಂ. ಗೌರೀದೇವಿ ಮತ್ತು ಸಹೋದ್ಯೋಗಿಗಳು. ಈ ಎರಡೂ ಬಗೆಗಳು ಎಎಲ್‌ಎಸ್‌ಗಿಂತ ಸೌಮ್ಯ. ಆದುದರಿಂದ ಯಾವ ಬಗೆಯೆಂದು ಸರಿಯಾಗಿ, ಬೇಗನೆ ತಿಳಿಯುವುದೇ ಒಂದು ದೊಡ್ಡ ಉಪಕಾರ. ವಿದ್ಯೆ ನಮ್ಮ ನೆಲದಲ್ಲಿದೆ. ಇಲ್ಲದಿರುವುದು ವ್ಯವಸ್ಥೆ.

ಈಗ ಲೆಕ್ಕಕ್ಕೆ ಬರೋಣ. ಅವನಿದ್ದಿದ್ದರೆ ಲೆಕ್ಕವನ್ನೇ ಕೇಳುತ್ತಿದ್ದ. ರಿಲುಜೋಲ್ ಎಂಬ ಮಾತ್ರೆಗೆ 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಪರೀಕ್ಷೆಗಳ ಪ್ರಕಾರ ಅದು ಆಯುಷ್ಯವನ್ನು ಹೆಚ್ಚಿಸುವುದು ಎರಡು ಮೂರು ತಿಂಗಳು. ಆಮೇಲೆ ಬಂದವುಗಳಲ್ಲಿ ಟೋಫರ್ಸೆನ್ ಎಂಬುದು 2023ರಲ್ಲಿ ಒಪ್ಪಿಗೆ ಪಡೆಯಿತು. ಅದು ಒಂದು ನಿರ್ದಿಷ್ಟ ವಂಶವಾಹಿಯ ದೋಷವಿರುವ ಕೆಲವೇ ಮಂದಿಗೆ. ಗುಣಪಡಿಸುವ ಔಷಧಿ ಇಲ್ಲವೆಂಬುದು ನಿಜ. ಆದರೆ ಈ ಇನ್ನೊಂದು ಲೆಕ್ಕವನ್ನು ನೋಡಿ. 2006ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ವೈದ್ಯರು, ಮುಖವಾಡದ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರವನ್ನು ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿದರು. ಗಂಟಲಿನ ಸ್ನಾಯುಗಳು ತೀರ ಸೋತಿರದವರಲ್ಲಿ ಯಂತ್ರದಿಂದ ದೊರೆತದ್ದು 205 ದಿನ. ಗಂಟಲು ಸೋತವರಿಗೆ ಆಯುಷ್ಯ ಹೆಚ್ಚದಿದ್ದರೂ ನಿದ್ರೆಯ ನೆಮ್ಮದಿ ದೊರೆಯಿತು. 2003ರಲ್ಲಿ ಐರ್ಲೆಂಡಿನ ಒಂದು ಅಧ್ಯಯನ ಪ್ರಕಟವಾಯಿತು: ನರವೈದ್ಯ, ಉಸಿರಾಟದ ತಜ್ಞ, ಮಾತಿನ ತಜ್ಞೆ, ಆಹಾರ ತಜ್ಞೆ, ಫಿಸಿಯೋಥೆರಪಿಸ್ಟ್, ದಾದಿ ಇವರೆಲ್ಲರೂ ಕೂಡಿ ನೋಡುವ ಕ್ಲಿನಿಕ್ಕಿಗೆ ಹೋದವರು, ಸಾಮಾನ್ಯ ನರವಿಭಾಗಕ್ಕೆ ಹೋದವರಿಗಿಂತ ಏಳೂವರೆ ತಿಂಗಳು ಹೆಚ್ಚು ಬದುಕಿದ್ದರು. ಮಾತ್ರೆ ಕೊಡುವುದಕ್ಕಿಂತ ಹೆಚ್ಚಿನದನ್ನು ಒಂದು ಯಂತ್ರವೂ, ನಾಲ್ಕೈದು ಮಂದಿ ಒಂದೆಡೆ ಕುಳಿತು ನೋಡುವ ಪದ್ಧತಿಯೂ ಕೊಡುತ್ತವೆ. ಹೀಗಿರುವಾಗ ‘ಗುಣಪಡಿಸಲಾಗದು’ ಎಂಬುದಕ್ಕೂ ‘ಏನೂ ಮಾಡಲಾಗದು’ ಎಂಬುದಕ್ಕೂ ನಡುವೆ ಸಮಚಿಹ್ನೆ ಹಾಕುವವನಿಗೆ ನನ್ನ ತಮ್ಮ ಸೊನ್ನೆ ಅಂಕ ಕೊಡುತ್ತಿದ್ದ.

ಆ ಸಮಚಿಹ್ನೆಯಿಂದ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಹೇಳುತ್ತೇನೆ. 2023ರ ಮಳೆಗಾಲದಲ್ಲಿ ಅವನಿಗೆ ಬೆಳಗಿನ ಹೊತ್ತು ತಲೆನೋವು ಬರತೊಡಗಿತು. ಹಗಲೆಲ್ಲ ತೂಕಡಿಕೆ. ಕನ್ನಡಕ ಬದಲಿಸಿದೆವು, ಪಿತ್ತವೆಂದು ಕಷಾಯ ಕೊಟ್ಟೆವು. ರಾತ್ರಿಯಲ್ಲಿ ಉಸಿರಾಟ ಆಳವಿಲ್ಲದೆ ಇಂಗಾಲದ ಡೈಆಕ್ಸೈಡ್ ದೇಹದಲ್ಲಿ ನಿಲ್ಲುತ್ತಿದ್ದುದರ ಚಿಹ್ನೆ ಅದು. ಈ ಕಾಯಿಲೆಯನ್ನು ಬಲ್ಲವರಿಗೆ ಮೊದಲ ಪಾಠ. ನಮಗೆ ಹೇಳಿದವರಿಲ್ಲ. ಒಂದು ರಾತ್ರಿ ಏದುಸಿರು ಬಂದು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಅಲ್ಲಿ ಆಮ್ಲಜನಕ ಹಚ್ಚಿದರು. ಬೆಳಗಾಗುವಷ್ಟರಲ್ಲಿ ಅವನು ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದ. ಇಲ್ಲಿ ಸೋತಿರುವುದು ಗಾಳಿಯನ್ನು ಒಳಗೂ ಹೊರಗೂ ಆಡಿಸುವ ಸ್ನಾಯು. ಆಡಿಸಲು ನೆರವು ಕೊಡದೆ ಬರಿಯ ಆಮ್ಲಜನಕ ಕೊಟ್ಟರೆ ಒಳಗಿನ ಕೆಟ್ಟ ಗಾಳಿ ಇನ್ನಷ್ಟು ಶೇಖರವಾಗಬಹುದು. ದೂರದ ಊರಿನಲ್ಲಿ ವೈದ್ಯನಾಗಿರುವ ನಿಮ್ಮಲ್ಲೊಬ್ಬ, ಹಳೆಯ ಶಿಷ್ಯ, ದೂರವಾಣಿಯಲ್ಲಿ ಅಲ್ಲಿನ ವೈದ್ಯರೊಡನೆ ಮಾತನಾಡಿ ಬೈಪ್ಯಾಪ್ ಯಂತ್ರ ತರಿಸದಿದ್ದರೆ ಅಂದೇ ಮುಗಿಯುತ್ತಿತ್ತು. ಯಂತ್ರ ಹಾಕಿದ ಎರಡನೆಯ ದಿನ ಅವನು ತಲೆನೋವಿಲ್ಲದೆ ಎದ್ದು ಕಾಫಿ ಕೇಳಿದ. ‘ಇನ್ನೇನೂ ಇಲ್ಲ’ ಎಂದವರು ಹೇಳದೆ ಬಿಟ್ಟದ್ದು ಇದನ್ನು.

ಊಟದ ಕಥೆಯೂ ಹೀಗೆಯೇ. ನೀರು, ಮಜ್ಜಿಗೆ, ತಿಳಿಸಾರು ಇವೇ ಗಂಟಲಿಗೆ ಕಷ್ಟವೆಂದೂ, ಗಟ್ಟಿಯಾಗಿಸಿದ ಪಾನೀಯ ಸುಲಭವೆಂದೂ ನಮಗೆ ತಿಳಿಯದು. ನಾವು ‘ಹಗುರವಾಗಿರಲಿ’ ಎಂದು ತಿಳಿಸಾರನ್ನೇ ಕುಡಿಸಿ ಕೆಮ್ಮಿಸಿದೆವು. ಹೊಟ್ಟೆಗೆ ನೇರವಾಗಿ ನಳಿಕೆ ಇಡುವ ಮಾತು ಬಂದಾಗ ಅದು ಕೊನೆಯ ಘಟ್ಟದ ಉಪಾಯವೆಂದು ಹೆದರಿ ಮುಂದೂಡಿದೆವು. ಉಸಿರಿನ ಶಕ್ತಿ ಚೆನ್ನಾಗಿರುವಾಗಲೇ ಅದನ್ನು ಇಡಿಸಬೇಕು, ಬಾಯಿಂದ ತಿನ್ನುವುದನ್ನು ಆಮೇಲೂ ರುಚಿಗಾಗಿ ಮುಂದುವರಿಸಬಹುದು ಎಂಬುದು ತಿಳಿಯುವ ಹೊತ್ತಿಗೆ, ಉಸಿರು ಸೋತಿದೆ, ಇಡುವುದು ಅಪಾಯ ಎಂದರು.

ಇನ್ನು ಮಾತು. ನಾನು ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವನು. ಇದರಲ್ಲಿ ನನ್ನ ತಪ್ಪೇ ಹೆಚ್ಚು. 2023ರ ಕೊನೆಗೆ ಅವನ ಮಾತು ಯಾರಿಗೂ ತಿಳಿಯದಂತಾಯಿತು. ಆರು ತಿಂಗಳು ಆ ಮನೆಯಲ್ಲಿ ಊಹೆಯ ಮೇಲೆ ಬದುಕು ನಡೆಯಿತು. “ನೀರು ಬೇಕೇ? ಫ್ಯಾನ್ ಬೇಕೇ? ಮಗ್ಗುಲು ಬದಲಿಸಲೇ?” ಅವನಿಗೆ ಬೇಕಾದದ್ದು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅಳು ನಗುಗಳನ್ನು ತಡೆಯುವ ಹಿಡಿತವೂ ಈ ಕಾಯಿಲೆಯಲ್ಲಿ ಕೆಲವರಿಗೆ ತಪ್ಪುತ್ತದೆ; ಸಾಂತ್ವನ ಹೇಳಲು ಬಂದವರೆದುರು ಅವನು ತಡೆಯಲಾರದೆ ನಕ್ಕಾಗ, ಬುದ್ಧಿ ಹೋಗಿದೆಯೆಂದು ಊರಿನಲ್ಲಿ ಸುದ್ದಿಯಾಯಿತು.

ಹೊರದೇಶಗಳಲ್ಲಿ ಅಕ್ಷರಹಲಗೆಯೆಂಬ ಸಾಧನವಿದೆಯೆಂದು ಆ ವೈದ್ಯಶಿಷ್ಯನೇ ತಿಳಿಸಿದ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ನಮ್ಮದು ಕಾಗುಣಿತ, ಒತ್ತಕ್ಷರಗಳ ಭಾಷೆ, ಆಗುವ ಮಾತೇ ಎಂದು ಮೊದಲು ನಾನೇ ಕೈಚೆಲ್ಲಿದೆ. ಒಂದು ರಾತ್ರಿ ನಿದ್ದೆ ಬಾರದೆ ಯೋಚಿಸುವಾಗ ಹೊಳೆಯಿತು: ನಮ್ಮ ವರ್ಣಮಾಲೆಯೇ ಒಂದು ಕೋಷ್ಟಕವಲ್ಲವೇ! ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ. ಐದು ಸಾಲು, ಸಾಲಿಗೆ ಐದು. ಮೇಲೆ ಸ್ವರಗಳದು ಎರಡು ಸಾಲು, ಕೆಳಗೆ ಅವರ್ಗೀಯಗಳದು ಎರಡು. ಒಟ್ಟು ಒಂಬತ್ತು ಸಾಲು. ನಾನು ಸಾಲಿನ ಸಂಖ್ಯೆ ಹೇಳುತ್ತ ಹೋಗುವುದು, ಬೇಕಾದ ಸಾಲು ಬಂದಾಗ ಅವನು ಕಣ್ಣನ್ನು ಮೇಲಕ್ಕೆತ್ತುವುದು. ಆಮೇಲೆ ಆ ಸಾಲಿನ ಅಕ್ಷರಗಳನ್ನು ಹೇಳುತ್ತ ಹೋಗುವುದು. ಗುಣಿತ ಬೇಕಾದರೆ ವ್ಯಂಜನದ ಹಿಂದೆಯೇ ಸ್ವರವನ್ನು ಆರಿಸುವುದು. ಒತ್ತಕ್ಷರಗಳನ್ನು ಬಿಟ್ಟುಬಿಡುವುದು, ಓದುವವನೇ ತುಂಬಿಕೊಳ್ಳುವುದು. ಹಲಗೆಯ ಹಿಂಬದಿಯಲ್ಲಿ ದಿನವೂ ಬೇಕಾಗುವ ಮಾತುಗಳು: ನೀರು, ಕಫ, ದಿಂಬು, ಸೊಳ್ಳೆ, ತುರಿಕೆ, ಬೆಳಕು, ಒಬ್ಬನೇ ಇರುತ್ತೇನೆ. ಖರ್ಚು ಒಂದು ರಟ್ಟು, ಒಂದು ಕಪ್ಪು ಮಾರ್ಕರ್.

ಮೊದಲ ದಿನ ಹಲಗೆ ಹಿಡಿದಾಗ ಮನೆಯಲ್ಲಿ ಐದಾರು ಮಂದಿ ಬಂಧುಗಳಿದ್ದರು, ಅವನನ್ನು ಬೆಂಗಳೂರಿಗೆ ಸಾಗಿಸುವುದೋ ಇಲ್ಲಿಯೇ ಇರಿಸುವುದೋ ಎಂದು ಅವನ ತಲೆಯ ಮೇಲೆ ಚರ್ಚೆ ನಡೆಸಿದ್ದರು. ಅವನು ಆರಿಸಿದ ಅಕ್ಷರಗಳು ಇವು: ನ, ನ, ನ, ಉ, ಕ, ಏ, ಳ, ಇ. ‘ನನ್ನನ್ನು ಕೇಳಿ.’ ಎಂಟು ಅಕ್ಷರಕ್ಕೆ ಆರು ನಿಮಿಷ ಹಿಡಿಯಿತು. ಆರು ತಿಂಗಳಿನಿಂದ ಅವನು ಹೇಳಬೇಕೆಂದಿದ್ದುದು ಅದೊಂದನ್ನೇ. ಕೋಣೆಯಲ್ಲಿ ಯಾರೂ ತಲೆಯೆತ್ತಲಿಲ್ಲ. ಅಂದಿನಿಂದ ಕೊನೆಯ ವಾರದವರೆಗೂ ಅವನು ಆ ಹಲಗೆಯಲ್ಲಿ ಮಾತನಾಡಿದ. ಮೊಮ್ಮಗಳ ಬೀಜಗಣಿತದ ಲೆಕ್ಕದಲ್ಲಿ ಚಿಹ್ನೆ ತಪ್ಪಿದೆಯೆಂದು ತಿದ್ದಿದ. ನನ್ನ ಕಾಫಿಯಲ್ಲಿ ಸಕ್ಕರೆ ಹೆಚ್ಚಾಯಿತೆಂದೂ ದೂರಿದ. ಹಲಗೆಯನ್ನು ಮಾತು ಇರುವಾಗಲೇ ಅಭ್ಯಾಸ ಮಾಡಿಸಬೇಕು, ದನಿ ಸರಿಯಿರುವಾಗಲೇ ನಾಲ್ಕು ಮಾತನ್ನು ಮೊಬೈಲಿನಲ್ಲಾದರೂ ಹಿಡಿದಿಡಬೇಕು ಎಂದು ರೋಗದ ಹೆಸರು ಹೇಳಿದ ದಿನವೇ ಹೇಳಬಹುದಿತ್ತು. ಅವನ ದನಿಯೆಂದು ನಮ್ಮಲ್ಲಿ ಈಗ ಉಳಿದಿರುವುದು ಗ್ಯಾಸ್ ಸಿಲಿಂಡರ್ ಬುಕ್ ಮಾಡಿದೆಯಾ ಎಂದು ಕೇಳುವ ಒಂದು ವಾಟ್ಸಾಪ್ ತುಣುಕು.

ಕಾನೂನಿನ ವಿಚಾರಕ್ಕೆ ಬರುತ್ತೇನೆ. ಕಾಲು ಸೋತಾಗ ಅವನಿಗೆ ಇನ್ನೂ ಸೇವಾವಧಿ ಉಳಿದಿತ್ತು. “ಪಾಠ ಮಾಡಲಾಗದಿದ್ದರೆ ಸ್ವಯಂನಿವೃತ್ತಿ ಬರೆದುಕೊಡಿ” ಎಂದು ಒಂದು ಕಚೇರಿಯಲ್ಲಿ ಹೇಳಿದರು. ಅವನು ಸ್ವಾಭಿಮಾನಿ, ಸಹಿ ಹಾಕಿದ. ಸಹಿ ಹಾಕಬೇಕಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೆಯ ಸೆಕ್ಷನ್ನಿನಂತೆ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೊಳಗಾದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು, ಯಾವ ಹುದ್ದೆಯೂ ಹೊಂದದಿದ್ದರೆ ಹೆಚ್ಚುವರಿ ಹುದ್ದೆಯೊಂದನ್ನು ಸೃಷ್ಟಿಸಿ ನಿವೃತ್ತಿಯವರೆಗೆ ಉಳಿಸಿಕೊಳ್ಳಬೇಕು. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೂ ಇದು ಅನ್ವಯ. ಇದನ್ನು ನಾನು ಓದಿದ್ದು ಅವನು ತೀರಿಕೊಂಡ ಮೇಲೆ. ಮೇಷ್ಟ್ರುಗಳಿಬ್ಬರಿಗೂ ಕಾನೂನು ಗೊತ್ತಿರಲಿಲ್ಲ. ಕಚೇರಿಯವರಿಗೆ ಗೊತ್ತಿತ್ತೋ ಇಲ್ಲವೋ, ಹೇಳಲಿಲ್ಲ.

ಅದೇ ಕಾಯಿದೆಯ ಪಟ್ಟಿಯಲ್ಲಿ ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳಿವೆ. ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಮಸ್ಕ್ಯುಲರ್ ಡಿಸ್ಟ್ರೊಫಿ ಇದೆ. ಮೋಟಾರ್ ನ್ಯೂರಾನ್ ಕಾಯಿಲೆಯ ಹೆಸರು ಇಲ್ಲ. ಚಲನೆಯ ಅಂಗವೈಕಲ್ಯವೆಂಬ ಬಾಗಿಲಿನಿಂದ ಒಳಗೆ ಬರಬಹುದು, ಆದರೆ ಶೇಕಡಾ 40 ತುಂಬಬೇಕು. ಮೊದಲ ತಪಾಸಣೆಯ ದಿನ ಅವನು ನಡೆಯುತ್ತಿದ್ದುದರಿಂದ 40 ತುಂಬಲಿಲ್ಲ. ಎರಡನೆಯ ಸಲ ಕಾರಿನಿಂದ ಕುರ್ಚಿಸಹಿತ ಇಳಿಸಿ, ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗಬೇಕಾಯಿತು. ತಿಂಗಳಿಗೊಂದು ಅಂಗ ಕಳೆದುಕೊಳ್ಳುವವನನ್ನು, ಕೈ ಮುರಿದುಕೊಂಡವನ ಅಳತೆಗೋಲಿನಿಂದ ಅಳೆದರೆ ಹೀಗೆಯೇ ಆಗುತ್ತದೆ.

ಇಷ್ಟೆಲ್ಲದರ ಭಾರ ಬಿದ್ದದ್ದು ಒಬ್ಬಳ ಮೇಲೆ. ನನ್ನ ಶ್ರೀಮತಿಗೆ ಓರಗಿತ್ತಿಯಾದ ಆ ಹೆಣ್ಣುಮಗಳು ಎರಡು ವರ್ಷ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಜೊಲ್ಲು ಒರೆಸಬೇಕು, ಮುಖವಾಡ ಜಾರಿದರೆ ಸರಿಪಡಿಸಬೇಕು, ಕರೆಂಟು ಹೋದರೆ ಇನ್‌ವರ್ಟರ್ ನೋಡಬೇಕು. “ಪುಣ್ಯವಂತೆ, ಸೇವೆ ಮಾಡುವ ಭಾಗ್ಯ” ಎಂದು ಹೊಗಳಿ ಹೋದವರು ಬಹಳ. “ಇಂದು ರಾತ್ರಿ ನಾನು ಕೂರುತ್ತೇನೆ, ನೀನು ಮಲಗು” ಎಂದವರು ಇಬ್ಬರೇ. ಆರೈಕೆ ಮಾಡುವವರಿಗೆ ಭತ್ಯೆ ಕೊಡುವ ಮಾತು ಆ ಕಾಯಿದೆಯ 24ನೆಯ ಸೆಕ್ಷನ್ನಿನಲ್ಲಿಯೇ ಇದೆ. ನೆರೆಯ ಕೇರಳದ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದರು. ಚಿಕ್ಕ ಮೊತ್ತವೇ, ಆದರೆ ‘ನೀನು ಮಾಡುತ್ತಿರುವುದು ಕೆಲಸ’ ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ಅದಕ್ಕಿಂತ ದೊಡ್ಡದು ಅಲ್ಲಿಯ ಇನ್ನೊಂದು ಪದ್ಧತಿ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಕೆಲವು ವೈದ್ಯರು ಆರಂಭಿಸಿದ ನೋವುಶಮನದ ಕೆಲಸ ಊರೂರಿನ ಸ್ವಯಂಸೇವಕರ ಕೈಗೆ ಬಂದು, 2008ರಲ್ಲಿ ರಾಜ್ಯದ ನೀತಿಯಾಯಿತು. ಪಂಚಾಯಿತಿಯ ದಾದಿ ಹಾಸಿಗೆ ಹಿಡಿದವರ ಮನೆಗೇ ಬರುತ್ತಾಳೆ, ಅದು ಕ್ಯಾನ್ಸರೇ ಆಗಿರಬೇಕೆಂದಿಲ್ಲ. ನಮ್ಮಲ್ಲಿಯೂ 2012ರಿಂದ ರಾಷ್ಟ್ರೀಯ ಉಪಶಮನ ಕಾರ್ಯಕ್ರಮವೆಂಬುದು ಕಾಗದದಲ್ಲಿದೆ. ನನ್ನ ತಮ್ಮನ ಮನೆಯ ಬಾಗಿಲನ್ನು ಆ ಎರಡು ವರ್ಷದಲ್ಲಿ ಯಾವ ದಾದಿಯೂ ತಟ್ಟಲಿಲ್ಲ. ಬಡವರಿಗಾಗಿ ಇರುವ ಆರೋಗ್ಯ ಯೋಜನೆಗಳೂ ಆಸ್ಪತ್ರೆಗೆ ಸೇರಿದವರ ವೆಚ್ಚಕ್ಕಾಗಿ ರೂಪಿತವಾದವು. ಆಸ್ಪತ್ರೆಗೆ ಸೇರದಂತೆ ಕಾಪಾಡುವ ಮನೆಯ ಯಂತ್ರಕ್ಕೆ, ಹಾಸಿಗೆಗೆ, ದಾದಿಗೆ ಅಲ್ಲ.

ಈ ಮಾತು ಆಡಿದಾಗಲೆಲ್ಲ ಯಾರಾದರೊಬ್ಬರು ಸ್ಟೀಫನ್ ಹಾಕಿಂಗರ ಹೆಸರೆತ್ತುತ್ತಾರೆ. “ಮನೋಬಲವಿದ್ದರೆ ಏನು ಬೇಕಾದರೂ ಸಾಧ್ಯ ನೋಡಿ!” ನನ್ನ ತಮ್ಮನಿಗೂ ಹಾಗೆ ಹೇಳಿದರು, ಅವನ ಮನೋಬಲವೇ ಕಡಿಮೆಯಾಯಿತೆಂಬಂತೆ. ಹಾಕಿಂಗ್ ಅವರಿಗೆ 1963ರಲ್ಲಿ ರೋಗ ಪತ್ತೆಯಾಯಿತು, ತೀರಿಕೊಂಡದ್ದು 2018ರಲ್ಲಿ. ಅಷ್ಟು ನಿಧಾನವಾಗಿ ಸಾಗುವುದು ಬಹಳ ಅಪರೂಪ. ಅದರ ಜೊತೆಗೆ 1985ರಲ್ಲಿ ಗಂಟಲಿಗೆ ರಂಧ್ರ ಮಾಡಿದ ಮೇಲೆ ಅವರಿಗೆ ಹಗಲಿರುಳು ದಾದಿಯರಿದ್ದರು, ಕುರ್ಚಿಗೆ ಮಾತನಾಡುವ ಕಂಪ್ಯೂಟರ್ ಇತ್ತು, ದೇಶದ ಸಾರ್ವಜನಿಕ ಆರೋಗ್ಯ ಸೇವೆ ಇತ್ತು. ಆ ಸೇವೆಯಿಲ್ಲದಿದ್ದರೆ ತಾನು ಬದುಕಿರುತ್ತಿರಲಿಲ್ಲವೆಂದು 2009ರಲ್ಲಿ ಅವರೇ ಹೇಳಿದರು. 2001ರ ಜನವರಿಯಲ್ಲಿ ಅವರು ದೆಹಲಿಗೆ ಬಂದಾಗ ಕುತುಬ್ ಮಿನಾರ್ ಮೊದಲಾದ ಸ್ಮಾರಕಗಳಲ್ಲಿ ಅವರ ಕುರ್ಚಿಗಾಗಿ ಮರದ ಇಳಿಜಾರುಗಳನ್ನು ಹಾಕಿದರು. ತಾತ್ಕಾಲಿಕವಾಗಿ! ಜಗತ್ಪ್ರಸಿದ್ಧನಿಗೆ ಒಂದು ದಿನದ ಮಟ್ಟಿಗೆ ಸಾಧ್ಯವಾದದ್ದು, ಹೆಸರಿಲ್ಲದವನಿಗೆ ಎಲ್ಲ ದಿನವೂ ಏಕೆ ಸಾಧ್ಯವಿಲ್ಲ? ಹಾಕಿಂಗರ ಬದುಕಿನಿಂದ ಕಲಿಯಬೇಕಾದದ್ದು ಈ ಪ್ರಶ್ನೆ.

“ಇಂಥ ರೋಗಿಗಳು ಎಷ್ಟು ಮಂದಿ? ಬೇರೆ ಕೆಲಸ ಬೇಡವೇ ಸರ್ಕಾರಕ್ಕೆ?” ಎನ್ನುವವರಿಗೆ ಉತ್ತರ ಹೇಳುತ್ತೇನೆ. ಬ್ರಿಟನ್ನಿನ ಲೆಕ್ಕದಂತೆ ಅಲ್ಲಿಯ ಸುಮಾರು 300 ಮಂದಿಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಈ ಕಾಯಿಲೆ ಬರುತ್ತದೆ. ಆದರೆ ಯಾವುದೇ ಒಂದು ದಿನ ಎಣಿಸಿದರೆ ಇಡೀ ದೇಶದಲ್ಲಿ ಸುಮಾರು 5,000 ರೋಗಿಗಳು ಮಾತ್ರ. ಅಂತರವೇಕೆ? ಬೇಗ ಸಾಯುತ್ತಾರೆ, ಅದಕ್ಕೇ ಕಡಿಮೆ ಕಾಣುತ್ತಾರೆ. ಬೇಗ ಸತ್ತವರು ಸಂಘ ಕಟ್ಟುವುದಿಲ್ಲ, ಮೆರವಣಿಗೆ ಮಾಡುವುದಿಲ್ಲ, ಮತ ಹಾಕುವುದಿಲ್ಲ. ಅಲ್ಲಿ 1979ರಲ್ಲಿಯೇ ಇದಕ್ಕಾಗಿ ಒಂದು ಸಂಘ ಹುಟ್ಟಿತು. 2016ರಲ್ಲಿ ಅಲ್ಲಿಯ ‘ನೈಸ್’ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ಎರಡು ಮೂರು ತಿಂಗಳಿಗೊಮ್ಮೆ ಎಲ್ಲ ತಜ್ಞರೂ ಕೂಡಿ ನೋಡಬೇಕು, ಉಸಿರು, ಊಟ, ಮಾತು, ಮನಸ್ಸು, ಆರೈಕೆಯವರ ಕ್ಷೇಮ ಎಲ್ಲವನ್ನೂ ವಿಚಾರಿಸಬೇಕು ಎಂದಿದೆ. ಅದು ಮುದ್ರಿತವಾಗಿದೆ, ಯಾರು ಬೇಕಾದರೂ ಓದಬಹುದು. ಕಲಿಯಲು ಹಣ ಬೇಕಿಲ್ಲ.

ನಮ್ಮನ್ನೂ ಬಿಡುವುದಿಲ್ಲ. 2014ರಲ್ಲಿ ತಲೆಯ ಮೇಲೆ ಮಂಜುಗಡ್ಡೆಯ ನೀರು ಸುರಿದುಕೊಳ್ಳುವ ಆಟ ಜಗತ್ತಿನಲ್ಲೆಲ್ಲ ಹಬ್ಬಿತಲ್ಲ, ಅಮೆರಿಕದಲ್ಲಿರುವ ನಿಮ್ಮಲ್ಲಿ ಕೆಲವರು ವೀಡಿಯೋ ಕಳುಹಿಸಿದ್ದಿರಿ. ಅದು ಈ ಕಾಯಿಲೆಗಾಗಿಯೇ. ಅಲ್ಲಿಯ ಎಎಲ್‌ಎಸ್ ಸಂಘವೊಂದಕ್ಕೇ 11.5 ಕೋಟಿ ಡಾಲರ್ ಕೂಡಿಬಂದಿತು. ನಾನೂ ತಮ್ಮನೂ ಒಟ್ಟಿಗೆ ಕುಳಿತು ಅದನ್ನು ನೋಡಿ ನಕ್ಕಿದ್ದೆವು. ಯಾವ ಕಾಯಿಲೆಗೆಂದು ಇಬ್ಬರೂ ಕೇಳಲಿಲ್ಲ. ಆಮೇಲೆ ಕಾಯಿಲೆ ಮನೆಗೇ ಬಂದಾಗ ನಾವು ಬಂಧುಗಳು ಹರಕೆ ಹೊತ್ತೆವು, ಜಾತಕ ತೋರಿಸಿದೆವು. ಲಕ್ಷಾಂತರ ರೂಪಾಯಿಗೆ ಆಕರಕೋಶದ, ಅಂದರೆ ಸ್ಟೆಮ್ ಸೆಲ್ಲಿನ ಸೂಜಿ ಚುಚ್ಚುವವರ ವಿಳಾಸ ತಂದುಕೊಟ್ಟವರೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ರಕ್ತದ ಕೆಲವು ಕಾಯಿಲೆಗಳಂಥವನ್ನು ಬಿಟ್ಟರೆ ಅಂಥ ಚಿಕಿತ್ಸೆಯನ್ನು ಅನುಮತಿ ಪಡೆದ ಪರೀಕ್ಷೆಯ ಹೊರಗೆ ಮಾರುವಂತಿಲ್ಲ. ತಮ್ಮ ಹಲಗೆಯಲ್ಲಿ ‘ಬೇಡ’ ಎಂದ. ಆ ಹಣ ಉಳಿಯಿತು, ಅದರಿಂದ ಒಂದು ಒಳ್ಳೆಯ ಗಾಳಿಹಾಸಿಗೆಯೂ, ರಾತ್ರಿಯ ದಾದಿಯೂ ಬಂದರು. ಮೊದಲೇ ಬರಬಹುದಿತ್ತು.

ಕೊನೆಯ ಮಾತು ಸಾವಿನ ವಿಚಾರ. ಗಂಟಲಿಗೆ ರಂಧ್ರ ಮಾಡಿ ಯಂತ್ರಕ್ಕೆ ಕಟ್ಟುವುದು ತನಗೆ ಬೇಡವೆಂದು ಅವನು ಅಕ್ಷರ ಅಕ್ಷರವಾಗಿ ಹೇಳಿದ್ದ. ನಾವು ಕಾಗದದಲ್ಲಿ ಬರೆಸಿರಲಿಲ್ಲ, ‘ಅಪಶಕುನ’ ಎಂದು. ಆ ರಾತ್ರಿ ಆಸ್ಪತ್ರೆಯಲ್ಲಿ ಕೊಳವೆ ಹಾಕಲು ಹೊರಟಾಗ ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೈಮುಗಿದು ತಡೆಯಬೇಕಾಯಿತು. ಆ ಚಿತ್ರ ನನ್ನ ಕಣ್ಣಿಂದ ಹೋಗುವುದಿಲ್ಲ. ಇಂಥ ಇಚ್ಛಾಪತ್ರಕ್ಕೆ ಸುಪ್ರೀಂ ಕೋರ್ಟು 2018ರಲ್ಲಿಯೇ ಮನ್ನಣೆ ಕೊಟ್ಟಿತ್ತು. 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿಸಿದರೆ ಸಾಕೆಂದಿತು. ಅದನ್ನು ಜಾರಿಗೊಳಿಸುವ ಸುತ್ತೋಲೆಯನ್ನು ನಮ್ಮ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿತು. ಅವನು ಹೋಗಿ ಎರಡು ತಿಂಗಳೂ ಆಗಿರಲಿಲ್ಲ.

ನಾನು ಕೇಳುವುದು ಇಷ್ಟು. ಜಿಲ್ಲೆಗೊಂದಾದರೂ ಕಡೆ, ತಿಂಗಳಿಗೊಂದು ದಿನ, ಈ ರೋಗಿಯನ್ನು ಎಲ್ಲ ತಜ್ಞರೂ ಒಟ್ಟಿಗೆ ನೋಡಲಿ. ರೋಗದ ಹೆಸರು ಹೇಳಿದ ದಿನವೇ ಒಂದು ಕನ್ನಡ ಕೈಪಿಡಿಯನ್ನೂ ಒಂದು ದೂರವಾಣಿ ಸಂಖ್ಯೆಯನ್ನೂ ಕೊಡಲಿ. ಉಸಿರಿನ ಯಂತ್ರ, ಹಾಸಿಗೆ, ಗಾಲಿಕುರ್ಚಿಗಳನ್ನು ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವ ಏರ್ಪಾಡಾಗಲಿ. ಒಬ್ಬರ ಮನೆಯಲ್ಲಿ ಕೆಲಸ ಮುಗಿದದ್ದು ಇನ್ನೊಬ್ಬರ ಮನೆಯಲ್ಲಿ ಬೇಕಾಗಿದೆ. ಅಂಗವೈಕಲ್ಯದ ಪ್ರಮಾಣಪತ್ರ ರೋಗದ ಹೆಸರಿನ ಮೇಲೆಯೇ, ಮನೆಯಲ್ಲಿಯೇ ಸಿಗಲಿ. ಉಪಶಮನದ ದಾದಿ ಮೊದಲ ವರ್ಷದಿಂದಲೇ ಬರಲಿ. ಆರೈಕೆಯವರಿಗೆ ಭತ್ಯೆಯೂ, ವಾರಕ್ಕೊಂದು ರಾತ್ರಿಯ ನಿದ್ದೆಯೂ ದೊರೆಯಲಿ. ಇದರಲ್ಲಿ ಯಾವುದೂ ಹೊಸ ಸಂಶೋಧನೆಗಾಗಿ ಕಾಯುವುದಿಲ್ಲ.

ಮೇಷ್ಟ್ರಾಗಿದ್ದವನು ಮನೆಗೆಲಸ ಕೊಡದೆ ಮುಗಿಸಲಾರೆ. ವೈದ್ಯರಾಗಿರುವ ಶಿಷ್ಯರೇ, ನೀವು ‘ಇನ್ನೇನೂ ಮಾಡುವುದಕ್ಕಿಲ್ಲ’ ಎಂಬ ವಾಕ್ಯವನ್ನು ನಿಮ್ಮ ಕೋಣೆಯಲ್ಲಿ ಆಡಬೇಡಿ. ‘ಗುಣವಾಗದು, ಆದರೆ ನಾವು ಮಾಡಬೇಕಾದ ಕೆಲಸ ಬಹಳ ಇದೆ’ ಎಂದು ಹೇಳಿ, ಮತ್ತು ರೋಗಿಯ ಮುಖ ನೋಡಿ ಹೇಳಿ. ಅಧಿಕಾರಿಗಳಾಗಿರುವವರೇ, 20ನೆಯ ಸೆಕ್ಷನ್ನನ್ನು ಒಮ್ಮೆ ಓದಿ, ಸ್ವಯಂನಿವೃತ್ತಿಯ ಅರ್ಜಿ ಹಿಡಿದು ಬಂದವನಿಗೆ ಓದಿ ಹೇಳಿ. ಸಾಫ್ಟ್‌ವೇರಿನಲ್ಲಿರುವವರೇ, ಕಣ್ಣಿನ ಸನ್ನೆಗೆ ಕನ್ನಡ ಬರೆಯುವ ಸಾಧನದ ಕಡೆಗೆ ಗಮನ ಹರಿಸಿ. ಕೋಷ್ಟಕವನ್ನು ನಮ್ಮ ಹಿರಿಯರು ಆಗಲೇ ಹಾಕಿಕೊಟ್ಟಿದ್ದಾರೆ. ಬಂಧುಗಳೇ, ಇಂಥ ಮನೆಗೆ ಹೋದಾಗ ಸಲಹೆ ಒಯ್ಯಬೇಡಿ, ಒಂದು ರಾತ್ರಿಯನ್ನು ಒಯ್ಯಿರಿ.

ತಮ್ಮನ ಬೈಪ್ಯಾಪ್ ಯಂತ್ರ ಈಗ ಪಕ್ಕದ ತಾಲ್ಲೂಕಿನ ಒಬ್ಬ ದರ್ಜಿಯ ಮನೆಯಲ್ಲಿದೆ. ಅಕ್ಷರಹಲಗೆಯ ಹೊಸ ಪ್ರತಿಗಳನ್ನು ನಾನೇ ಬರೆದು ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ಕೇಳಿ, ಅಂಚೆಯಲ್ಲಿ ಕಳುಹಿಸುತ್ತೇನೆ.

ಇತಿ,
ನಿಮ್ಮ ಕನ್ನಡ ಮೇಷ್ಟ್ರು